ಚಿತ್ರಕ್ಕೆ ತಕ್ಕ ಕಾಗದ: ಹತ್ತಿಯ ಹಾಳೆಯಿಂದ ಕೋಜೋವರೆಗೆ ಒಂದು ಹೋಲಿಕೆ

ಬಣ್ಣ, ಕುಂಚ, ಪೆನ್ಸಿಲುಗಳ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ಚಿತ್ರಕಾರರೂ ಕಾಗದವನ್ನು ಕಟ್ಟಕಡೆಗೆ, ಕೈಯಲ್ಲಿ ಉಳಿದ ಹಣಕ್ಕೆ ಎಷ್ಟು ಬರುತ್ತದೋ ಅಷ್ಟು ಎಂಬಂತೆ ಕೊಳ್ಳುವುದುಂಟು. ಈ ಕ್ರಮ ತಲೆಕೆಳಗಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಾಧಾರಣ ಬಣ್ಣವನ್ನು ಒಳ್ಳೆಯ ಹಾಳೆಯ ಮೇಲೆ ಹಚ್ಚಿದರೆ ಅದು ನಿರೀಕ್ಷೆಗೂ ಮೀರಿ ಬೆಳಗುತ್ತದೆ. ಅತ್ಯುತ್ತಮ ಬಣ್ಣವನ್ನು ಕಳಪೆ ಹಾಳೆಗೆ ಹಚ್ಚಿದರೆ ಮಚ್ಚೆ ಮಚ್ಚೆಯಾಗಿ, ಮಂಕಾಗಿ ಒಣಗುತ್ತದೆ. ಜಲವರ್ಣದ ಬೆಳಕೆಲ್ಲ ಬಣ್ಣದ ಪದರವನ್ನು ದಾಟಿ ಕಾಗದವನ್ನು ಮುಟ್ಟಿ ಹಿಂದಿರುಗುವ ಬೆಳಕೇ ಆಗಿರುವುದರಿಂದ, ಅಲ್ಲಿ ಕಾಗದವನ್ನು ಚಿತ್ರದ ಆಧಾರ ಎಂದಷ್ಟೇ ಕರೆದರೆ ಸಾಲದು, ಅದು ಚಿತ್ರದ ಅರ್ಧಭಾಗವೇ ಹೌದು.

ಆದರೆ ‘ಒಳ್ಳೆಯ ಕಾಗದ ಯಾವುದು’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ಏಕೆಂದರೆ ನಾವು ಕಾಗದದಿಂದ ಬಯಸುವ ಕೆಲಸಗಳು ಒಂದಕ್ಕೊಂದು ವಿರುದ್ಧವಾಗಿವೆ. ಜಲವರ್ಣದ ಹಾಳೆ ನೀರನ್ನು ಸ್ವಲ್ಪ ಹೊತ್ತು ತನ್ನ ಮೇಲ್ಮೈಯಲ್ಲಿ ತಡೆದು ನಿಲ್ಲಿಸಬೇಕು. ಇದ್ದಿಲು, ಪೇಸ್ಟೆಲ್‌ಗಳ ಹಾಳೆ ಒಣಪುಡಿಯನ್ನು ಕಚ್ಚಿ ಹಿಡಿಯಬೇಕು. ಎಚಿಂಗ್‌ನಂತಹ ಮುದ್ರಣಕಲೆಯ ಹಾಳೆ ಮೆತ್ತಗಾಗಿ ತಗಡಿನ ಗೀರುಗಳೊಳಕ್ಕೆ ಇಳಿದು ಶಾಯಿಯನ್ನು ಎತ್ತಿಕೊಂಡು ಬರಬೇಕು. ಈ ಮೂರನ್ನೂ ಸಮನಾಗಿ ಮಾಡುತ್ತೇನೆ ಎನ್ನುವ ಹಾಳೆ ಸಾಮಾನ್ಯವಾಗಿ ಮೂರನ್ನೂ ಅರೆಬರೆಯಾಗಿಯೇ ಮಾಡುತ್ತದೆ. ಆದ್ದರಿಂದ ಮಳಿಗೆಗೆ ಹೋಗುವ ಮೊದಲು ನಮ್ಮ ಕೈ ಹಾಳೆಯಿಂದ ಇವುಗಳಲ್ಲಿ ಯಾವುದನ್ನು ಕೇಳುತ್ತದೆ ಎಂದು ನಿರ್ಧರಿಸಿಕೊಂಡರೆ ಆಯ್ಕೆಯ ಅರ್ಧ ಭಾರ ಇಳಿಯುತ್ತದೆ.

ಹತ್ತಿಯೋ ಮರದ ತಿರುಳೋ

ಚಿತ್ರದ ಕಾಗದಗಳಲ್ಲಿ ಬಹುಪಾಲು ಎರಡು ಮೂಲಗಳಿಂದ ಬರುತ್ತವೆ. ಹತ್ತಿಯ ನಾರು ಹುಟ್ಟಿನಿಂದಲೇ ಬಹುತೇಕ ಶುದ್ಧ ಸೆಲ್ಯುಲೋಸ್. ಮರದಲ್ಲಿ ಸೆಲ್ಯುಲೋಸ್ ಜೊತೆಗೆ ಲಿಗ್ನಿನ್ ಎಂಬ ಪದಾರ್ಥವೂ ಇದ್ದು, ದಿನಪತ್ರಿಕೆಯ ಹಾಳೆ ಬಿಸಿಲಿಗೆ ಬಿದ್ದ ಕೆಲವೇ ದಿನಗಳಲ್ಲಿ ಹಳದಿಯಾಗುವುದಕ್ಕೆ ಅದೇ ಮುಖ್ಯ ಕಾರಣ. ರಾಸಾಯನಿಕ ಕ್ರಿಯೆಯಿಂದ ಲಿಗ್ನಿನ್ ತೆಗೆದ ಮರದ ತಿರುಳಿನಿಂದಲೂ ಬಾಳಿಕೆಯ ಕಾಗದವನ್ನು ಮಾಡಬಹುದು, ಮಾಡುತ್ತಲೂ ಇದ್ದಾರೆ. ಹಾಗಾಗಿ ಮರದ ಕಾಗದವೆಲ್ಲ ಅಲ್ಪಾಯುಷಿ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಇವೆರಡರ ನಡುವಿನ ದೊಡ್ಡ ವ್ಯತ್ಯಾಸ ಆಯುಷ್ಯದಲ್ಲಿ ಕಾಣುವುದಕ್ಕಿಂತ ಮೊದಲು ಕೆಲಸದಲ್ಲಿಯೇ ಕಾಣುತ್ತದೆ.

ಅದನ್ನು ನೋಡಲು ಒಂದು ಸರಳ ಪರೀಕ್ಷೆ ಸಾಕು. ಒಂದೇ ದಪ್ಪದ ಹತ್ತಿಯ ಹಾಳೆಯನ್ನೂ ಮರದ ತಿರುಳಿನ ಹಾಳೆಯನ್ನೂ ಹಲಗೆಯೊಂದರ ಮೇಲೆ ಪಕ್ಕಪಕ್ಕದಲ್ಲಿಟ್ಟು, ಹಲಗೆಯನ್ನು ಕೊಂಚ ಓರೆಯಾಗಿಸಿ, ಅಲ್ಟ್ರಾಮರೀನ್ ನೀಲಿಯನ್ನು ಧಾರಾಳ ನೀರಿನಲ್ಲಿ ಕಲಸಿ, ದಪ್ಪ ಕುಂಚದಿಂದ ಮೇಲಿನಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ಎಳೆಯಿರಿ. ಹತ್ತಿಯ ಹಾಳೆಯಲ್ಲಿ ಪ್ರತಿ ಪಟ್ಟಿಯ ಕೆಳಅಂಚಿನಲ್ಲಿ ನಿಂತ ನೀರಿನ ಸಾಲು ಮುಂದಿನ ಪಟ್ಟಿಯೊಡನೆ ಕಲೆಯಿಲ್ಲದೆ ಬೆರೆತು ಕೆಳಗಿಳಿಯುತ್ತದೆ. ಇಡೀ ಮೇಲ್ಮೈ ಬಹಳ ಹೊತ್ತು ಹೊಳೆಯುತ್ತಿದ್ದು, ಆ ಹೊಳಪು ಮಾಸುವ ವೇಳೆಗೆ ನೀಲಿಯ ಕಣಗಳು ಕಾಗದದ ಗುಳಿಗಳಲ್ಲಿ ನೆಲೆನಿಂತು ತರಿತರಿಯಾದ ಸುಂದರ ಹರಹು ಮೂಡುತ್ತದೆ. ಮರದ ತಿರುಳಿನ ಹಾಳೆಯಲ್ಲಿ ಮೇಲಿನ ಪಟ್ಟಿಯ ಅಂಚು ನಾವು ಕೆಳಗೆ ತಲುಪುವಷ್ಟರಲ್ಲಿಯೇ ಒಣಗತೊಡಗಿ ಗಡುಸಾದ ಗೆರೆಯಾಗುತ್ತದೆ, ಮಧ್ಯದಲ್ಲಿ ನೀರು ಕೆರೆಗಟ್ಟಿ ಹೂಕೋಸಿನಾಕಾರದ ಕಲೆಗಳು ಏಳುತ್ತವೆ. ಹತ್ತಿಯ ನಾರು ನೀರನ್ನು ಒಳಗೆಳೆದುಕೊಂಡು ಸಾವಕಾಶವಾಗಿ ಬಿಟ್ಟುಕೊಡುವುದರಿಂದ ಹಾಳೆ ಸಮನಾಗಿ ಆರುತ್ತದೆ. ಕೊಟ್ಟ ಹಣಕ್ಕೆ ಹತ್ತಿಯ ಹಾಳೆಯಿಂದ ನಮಗೆ ಸಿಗುವುದು ಮುಖ್ಯವಾಗಿ ಸಮಯ: ಒದ್ದೆಯ ಮೇಲೆ ಒದ್ದೆ ಹಚ್ಚಲು, ಅಂಚನ್ನು ಮೆದುಗೊಳಿಸಲು, ನಿಂತು ಯೋಚಿಸಲು ಬೇಕಾದ ಆ ಕೆಲವು ನಿಮಿಷಗಳು.

ಮರದ ತಿರುಳಿನ ಹಾಳೆಗೆ ಒಂದು ನಿಜವಾದ ಅನುಕೂಲವಿದೆ. ಅದರ ಮೇಲೆ ಬಣ್ಣ ಹೆಚ್ಚಾಗಿ ಮೇಲ್ಭಾಗದಲ್ಲಿಯೇ ಕುಳಿತಿರುತ್ತದೆ, ಆದ್ದರಿಂದ ಒಣಗಿದ ಬಣ್ಣವನ್ನು ಒದ್ದೆ ಕುಂಚದಿಂದ ಎತ್ತಿ ಬೆಳಕು ತೆಗೆಯುವುದು ಸುಲಭ. ಒಂದೇ ಪದರದಲ್ಲಿ ಮುಗಿಸುವವರಿಗೆ, ರೇಖೆಯ ಮೇಲೆ ಹಗುರಾಗಿ ಬಣ್ಣ ಸವರುವವರಿಗೆ, ಬಣ್ಣ ಎತ್ತಿಯೇ ಚಿತ್ರ ಕಟ್ಟುವವರಿಗೆ ಅದು ಒಗ್ಗುತ್ತದೆ. ಪದರದ ಮೇಲೆ ಪದರ ಹಚ್ಚುವವರಿಗೆ ಅದೇ ಗುಣ ಶತ್ರುವಾಗುತ್ತದೆ, ಎರಡನೆಯ ಪದರ ಮೊದಲನೆಯದನ್ನು ಕದಡಿಬಿಡುತ್ತದೆ. ಕಲಿಯುವವರು ಅಗ್ಗದ ಹಾಳೆಯಲ್ಲಿಯೇ ಕಲಿಯಲಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಹಾಳೆ ಮಾಡಿದ ಕಲೆಯನ್ನು ತನ್ನ ಕೈ ಮಾಡಿದ ತಪ್ಪೆಂದು ತಿಳಿದು ಧೈರ್ಯಗೆಡುವ ವಿದ್ಯಾರ್ಥಿಗೆ, ಹತ್ತಿಯ ಒಂದು ದೊಡ್ಡ ಹಾಳೆಯನ್ನು ಎಂಟು ತುಂಡು ಮಾಡಿ ಕೊಡುವುದು ಹೆಚ್ಚಿನ ಉಪಕಾರ.

ಕಣ್ಣಿಗೆ ಕಾಣದ ಅಂಟು

ನಾರಿನಷ್ಟೇ ಮುಖ್ಯವಾದದ್ದು, ಆದರೆ ಹೊದಿಕೆಯ ಮೇಲೆ ದೊಡ್ಡ ಅಕ್ಷರದಲ್ಲಿ ಎಂದೂ ಕಾಣದ್ದು, ಸೈಜಿಂಗ್, ಅಂದರೆ ಕಾಗದಕ್ಕೆ ಕೊಡುವ ಅಂಟಿನ ಸಂಸ್ಕಾರ. ಅಂಟು ಬೆರೆಸದ ಕಾಗದ ಒತ್ತುಕಾಗದದಂತೆ ನೀರನ್ನು ಒಮ್ಮೆಗೇ ಕುಡಿದುಬಿಡುತ್ತದೆ. ಹೀರಿಕೆಯನ್ನು ತಡೆಯಲು ತಿರುಳಿನೊಳಗೇ ಅಂಟನ್ನು ಸೇರಿಸಬಹುದು, ಇಲ್ಲವೇ ಸಿದ್ಧವಾದ ಹಾಳೆಯನ್ನು ಜಿಲೆಟಿನ್ ದ್ರಾವಣದಲ್ಲಿ ಅದ್ದಬಹುದು. ಶ್ರೇಷ್ಠ ಜಲವರ್ಣ ಕಾಗದಗಳಲ್ಲಿ ಹಲವಕ್ಕೆ ಒಳಗೂ ಹೊರಗೂ ಎರಡೂ ಸಂಸ್ಕಾರ ಆಗಿರುತ್ತದೆ. ಅರಬ್ ಕುಶಲಿಗಳು ಗಂಜಿಯಿಂದ ಮಾಡುತ್ತಿದ್ದ ಈ ಕೆಲಸವನ್ನು 13ನೆಯ ಶತಮಾನದಲ್ಲಿ ಇಟಲಿಯ ಫಾಬ್ರಿಯಾನೊ ಊರಿನ ಕಾಗದಗಾರರು ಪ್ರಾಣಿಜನ್ಯ ಅಂಟಿನಿಂದ ಮಾಡತೊಡಗಿದ್ದು ಯುರೋಪಿನ ಕಾಗದದ ಗಟ್ಟಿತನಕ್ಕೆ ಒಂದು ಮುಖ್ಯ ಕಾರಣ. 19ನೆಯ ಶತಮಾನದಲ್ಲಿ ಅಗ್ಗವಾಗಿ ಹಬ್ಬಿದ ರಾಳ ಮತ್ತು ಪಟಿಕದ (ಆಲಮ್) ಅಂಟು ಆಮ್ಲೀಯವಾಗಿದ್ದು, ಆ ಕಾಲದ ಅಸಂಖ್ಯಾತ ಹಾಳೆಗಳು ಇಂದು ಮುಟ್ಟಿದರೆ ಮುರಿಯುವ ಸ್ಥಿತಿಗೆ ಬಂದಿರುವುದಕ್ಕೆ ಅದೂ ಹೊಣೆ. ಈಗಿನ ಒಳ್ಳೆಯ ತಯಾರಿಕೆಗಳಲ್ಲಿ ಆಮ್ಲವಿಲ್ಲದ ಅಂಟನ್ನೇ ಬಳಸುತ್ತಾರೆ.

ಜಿಲೆಟಿನ್ ಸಂಸ್ಕಾರ ಪಡೆದ ಹಾಳೆ ಉಜ್ಜಾಟವನ್ನು ಚೆನ್ನಾಗಿ ತಾಳುತ್ತದೆ: ಕೆರೆದು ಬೆಳಕು ತೆಗೆದರೂ, ಮರೆಮಾಚುವ ರಬ್ಬರ್ ದ್ರವವನ್ನು ಹಚ್ಚಿ ಕಿತ್ತರೂ ಮೇಲ್ಮೈ ಎದ್ದು ಬರುವುದಿಲ್ಲ. ಫ್ರಾನ್ಸಿನ ಆರ್ಶ್ ಕಾಗದಕ್ಕೆ ಬಂದಿರುವ ಹೆಸರು ಬಹುಮಟ್ಟಿಗೆ ಈ ಗಟ್ಟಿತನದ್ದೇ; ಒದ್ದೆಯಾದಾಗ ಅದರಿಂದ ಏಳುವ ಜಿಲೆಟಿನ್ನಿನ ವಾಸನೆ ಕೆಲವರಿಗೆ ಹಿಡಿಸದು. ಪ್ರಾಣಿಜನ್ಯ ಪದಾರ್ಥ ಬೇಡ ಎನ್ನುವವರಿಗೆ ಜಿಲೆಟಿನ್ ಇಲ್ಲದ ಹತ್ತಿಯ ಕಾಗದಗಳೂ ದೊರೆಯುತ್ತವೆ. ಅವುಗಳಲ್ಲಿ ಕೆಲವು ಬಣ್ಣವನ್ನು ತುಸು ಬೇಗ ಒಳಗೆಳೆಯುತ್ತವೆ, ಹಾಗಾಗಿ ಕೊಳ್ಳುವ ಮುನ್ನ ಒಂದು ತುಂಡಿನಲ್ಲಿ ಪರೀಕ್ಷಿಸುವುದು ಒಳ್ಳೆಯದು. ಕಾಗದದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿದರೂ ಸಾಕಷ್ಟು ತಿಳಿಯುತ್ತದೆ: ಹನಿ ದುಂಡಗೆ ನಿಂತು ನಿಧಾನವಾಗಿ ಹರಡಬೇಕು. ತಕ್ಷಣ ಮಾಯವಾದರೆ ಅಂಟು ಸಾಲದು, ಉರುಳಿ ಹೋಗುತ್ತಿದ್ದರೆ ಅಂಟು ಅತಿಯಾಯಿತು.

ಮೇಲ್ಮೈ ಮತ್ತು ತೂಕ

ಹಾಟ್ ಪ್ರೆಸ್ ಎಂದರೆ ಬಿಸಿ ಉರುಳೆಗಳ ನಡುವೆ ಒತ್ತಿ ನುಣುಪಾಗಿಸಿದ ಹಾಳೆ, ಕೋಲ್ಡ್ ಪ್ರೆಸ್ ಎಂದರೆ ಬಿಸಿಯಿಲ್ಲದೆ ಒತ್ತಿದ ನಸುತರಿಯ ಹಾಳೆ, ರಫ್ ಎಂದರೆ ಉಣ್ಣೆಯ ಕಂಬಳಿಯ ಗುರುತು ಉಳಿದ ಒರಟು ಹಾಳೆ. ಸಸ್ಯಚಿತ್ರ, ಲೇಖನಿಯ ರೇಖೆ, ಮುಖಚಿತ್ರದ ಸೂಕ್ಷ್ಮ ವಿವರ ಇವುಗಳಿಗೆ ನುಣುಪು ಹಾಳೆ ಬೇಕು. ಆದರೆ ಅದರ ಮೇಲೆ ಬಣ್ಣಕ್ಕೆ ನಿಲ್ಲಲು ಗುಳಿಗಳಿಲ್ಲದ ಕಾರಣ ವಿಶಾಲವಾದ ಆಕಾಶವನ್ನು ಕಲೆಯಿಲ್ಲದೆ ಹಚ್ಚುವುದು ಪಳಗಿದ ಕೈಗೂ ಕಷ್ಟ. ಒರಟು ಹಾಳೆಯ ಮೇಲೆ ಬಹುತೇಕ ಒಣಗಿದ ಕುಂಚವನ್ನು ಅಡ್ಡಲಾಗಿ ಸರಸರನೆ ಎಳೆದರೆ ಬಣ್ಣ ದಿಬ್ಬಗಳಿಗಷ್ಟೇ ತಾಗಿ ಗುಳಿಗಳು ಬೆಳ್ಳಗೆ ಉಳಿಯುತ್ತವೆ, ಬಿಸಿಲಿಗೆ ಮಿನುಗುವ ನೀರು ಒಂದೇ ಎಳೆತದಲ್ಲಿ ಮೂಡುತ್ತದೆ. ಕೋಲ್ಡ್ ಪ್ರೆಸ್ ಎರಡರ ನಡುವಿನದು, ಆರಂಭಿಸುವವರಿಗೆ ನಾನು ಹೇಳುವುದು ಅದನ್ನೇ. ಒಂದು ಎಚ್ಚರಿಕೆ: ಈ ಹೆಸರುಗಳಿಗೆ ಎಲ್ಲರೂ ಒಪ್ಪಿದ ಅಳತೆಯಿಲ್ಲ, ಒಂದು ಗಿರಣಿಯ ಕೋಲ್ಡ್ ಪ್ರೆಸ್ ಮತ್ತೊಂದರ ರಫ್‌ಗಿಂತ ಒರಟಾಗಿರಬಹುದು. ಬೆರಳಿನಿಂದ ಸವರಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿಯೇ ತೀರ್ಮಾನಿಸಬೇಕು. ನುಣುಪಿನ ಪರಾಕಾಷ್ಠೆ ಬೇಕೆನ್ನುವವರಿಗೆ ಕಿರುಚಿತ್ರ ಪರಂಪರೆಯ ವಸ್ಲಿ ಇದೆ: ತೆಳುವಾದ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ನಯವಾದ ಕಲ್ಲಿನಿಂದಲೋ ಶಂಖದಿಂದಲೋ ಉಜ್ಜಿ ಉಜ್ಜಿ ಮೆರುಗು ತಂದ ಈ ಕಾಗದದ ಮೇಲೆ ಒಂದೆರಡು ಕೂದಲಿನ ಕುಂಚವೂ ತಡೆಯಿಲ್ಲದೆ ಸಾಗುತ್ತದೆ.

ತೂಕದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಜಿಎಸ್‌ಎಂ ಲೆಕ್ಕದಲ್ಲಿ 300 ಸಾಮಾನ್ಯ ಮಟ್ಟ. 200ರ ಆಸುಪಾಸಿನ ಹಾಳೆ ಒದ್ದೆಯಾದೊಡನೆ ಅಲೆ ಅಲೆಯಾಗುವುದರಿಂದ ಅದನ್ನು ನೆನೆಸಿ ಹಲಗೆಗೆ ಅಂಟುಪಟ್ಟಿಯಿಂದ ಬಿಗಿದುಕೊಳ್ಳಬೇಕು. 640ರ ಹಾಳೆ ರಟ್ಟಿನಂತೆ ನಿಲ್ಲುವುದರಿಂದ ಬಿಗಿಯುವ ಅಗತ್ಯವೇ ಇಲ್ಲ. ದಪ್ಪವೇ ಗುಣಮಟ್ಟ ಎಂಬ ತಿಳಿವಳಿಕೆ ಮಾತ್ರ ತಪ್ಪು. 300 ಜಿಎಸ್‌ಎಂನ ಮರದ ತಿರುಳಿನ ಹಾಳೆ ಮತ್ತು ಬಿಗಿದು ಕಟ್ಟಿದ 200 ಜಿಎಸ್‌ಎಂನ ಹತ್ತಿಯ ಹಾಳೆ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಹಿಂದುಮುಂದು ನೋಡದೆ ಎರಡನೆಯದನ್ನು ಆರಿಸಿಕೊಳ್ಳುತ್ತೇನೆ.

ತಯಾರಿಕೆಯ ವಿಧಾನವೂ ಹಾಳೆಯ ನಡತೆಯನ್ನು ಬದಲಿಸುತ್ತದೆ. ಓಡುವ ಜಾಲರಿಯ ಮೇಲೆ ತಯಾರಾಗುವ ಯಂತ್ರದ ಕಾಗದದಲ್ಲಿ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ, ಅದರಿಂದ ಒದ್ದೆಯಾದಾಗ ಹಾಳೆ ಒಂದು ಕಡೆಗೆ ಹೆಚ್ಚು ಹಿಗ್ಗುತ್ತದೆ. ನಿಧಾನವಾಗಿ ತಿರುಗುವ ಉರುಳೆ ಅಚ್ಚಿನಲ್ಲಿ ಮಾಡಿದ ಮೋಲ್ಡ್‌ಮೇಡ್ ಕಾಗದದಲ್ಲಿ ನಾರುಗಳು ಹೆಚ್ಚು ಬೆರಕೆಯಾಗಿ ಹೆಣೆದುಕೊಳ್ಳುತ್ತವೆ. ಆರ್ಶ್, ಇಂಗ್ಲೆಂಡಿನ ಸಾಂಡರ್ಸ್ ವಾಟರ್‌ಫೋರ್ಡ್ ಮೊದಲಾದವು ಈ ಬಗೆಯವು. ಕೈಯಲ್ಲಿ ಎತ್ತಿದ ಹಾಳೆಗೆ ನಾಲ್ಕೂ ಕಡೆ ನವಿರಾದ ಒಡೆದ ಅಂಚಿರುತ್ತದೆ, ಒಂದೊಂದು ಹಾಳೆಗೂ ಒಂದೊಂದು ಸ್ವಭಾವವಿರುತ್ತದೆ. ಸ್ವಭಾವದ ಈ ಏರಿಳಿತವೇ ಕೆಲವರಿಗೆ ಕೈತಯಾರಿಕೆಯ ಸೊಗಸು, ಒಂದೇ ಬಗೆಯ ಚಿತ್ರಗಳ ಸರಣಿ ಮಾಡುವವರಿಗೆ ಅದೇ ತೊಡಕು. ಅಂಚಿನ ಚೆಲುವನ್ನು ನೋಡಿ ಕೈಕಾಗದ ಕೊಳ್ಳುವವರು ಒಂದನ್ನು ವಿಚಾರಿಸಬೇಕು: ಎಷ್ಟೋ ಕೈಕಾಗದಗಳು ನೋಡಲು ಅಂದವಾಗಿದ್ದರೂ ಅಂಟು ಸಾಲದೆ ಜಲವರ್ಣಕ್ಕೆ ನಿಲ್ಲುವುದಿಲ್ಲ.

ಒಣ ಮಾಧ್ಯಮ, ಮುದ್ರಣ

ಇದ್ದಿಲಿಗೂ ಪೇಸ್ಟೆಲ್‌ಗೂ ಬೇಕಾದ್ದು ಹಲ್ಲು, ಅಂದರೆ ಪುಡಿ ಸಿಕ್ಕಿಕೊಳ್ಳುವ ಸೂಕ್ಷ್ಮ ಒರಟು. ಇಲ್ಲಿ ಹತ್ತಿಯೇ ಆಗಬೇಕೆಂಬ ಹಟ ಬೇಕಿಲ್ಲ. ಗೆರೆಗೆರೆಯ ಜಾಲರಿಯ ಗುರುತಿರುವ ಆಂಗ್ರ ಮಾದರಿಯ ಹಾಳೆ ಇದ್ದಿಲಿನ ತೆಳು ಛಾಯೆಯನ್ನು ಸೊಗಸಾಗಿ ತೋರಿಸುತ್ತದೆ, ಆದರೆ ಪೇಸ್ಟೆಲ್‌ನ ಅನೇಕ ಪದರಗಳನ್ನು ಹೊರಲಾರದು. ಕ್ಯಾನ್ಸನ್ ಸಂಸ್ಥೆಯ ಮಿ-ತಾಂತ್ ಎಂಬ 160 ಜಿಎಸ್‌ಎಂನ ಬಣ್ಣದ ಹಾಳೆಗೆ ಒಂದು ಮೈ ಜೇನುಗೂಡಿನ ವಿನ್ಯಾಸದ್ದು, ಇನ್ನೊಂದು ಮೈ ನಯವಾದದ್ದು; ವಿನ್ಯಾಸ ಚಿತ್ರದ ನಡುವೆ ಇಣುಕುವುದು ಇಷ್ಟವಿಲ್ಲದವರು ನಯವಾದ ಮೈಯನ್ನೇ ಬಳಸುವುದು ಲೇಸು. ಹತ್ತಾರು ಪದರ ಹಚ್ಚುವವರಿಗೆ ನುಣ್ಣನೆಯ ಉಜ್ಜುಪುಡಿ ಲೇಪಿಸಿದ ಮರಳುಕಾಗದದಂತಹ ಪೇಸ್ಟೆಲ್ ಹಾಳೆ ಬೇರೆಲ್ಲಕ್ಕಿಂತ ಹೆಚ್ಚು ಪುಡಿ ಹಿಡಿಯುತ್ತದೆ, ಜೊತೆಗೆ ಕಡ್ಡಿಯನ್ನೂ ಬೆರಳ ತುದಿಯನ್ನೂ ಬೇಗ ಸವೆಸುತ್ತದೆ. ಪೆನ್ಸಿಲಿನ ಸೂಕ್ಷ್ಮ ಕೆಲಸಕ್ಕೆ ಪದರ ಪದರವಾಗಿ ಒತ್ತಿದ ಬ್ರಿಸ್ಟಲ್ ಅಥವಾ ಹಾಟ್ ಪ್ರೆಸ್ ಸರಿ. ಎಣ್ಣೆಬಣ್ಣ ಮಾತ್ರ ಬರಿಯ ಕಾಗದಕ್ಕೆ ಸಲ್ಲದು, ಎಣ್ಣೆ ಇಳಿದಲ್ಲಿ ನಾರು ಕಾಲಕ್ರಮದಲ್ಲಿ ಪೆಡಸಾಗುತ್ತದೆ. ಜೆಸ್ಸೊ ಎಂಬ ಬಿಳಿಯ ತಳಲೇಪ ಹಚ್ಚಿದ ಹಾಳೆ ಅಥವಾ ಅದಕ್ಕೆಂದೇ ಮಾಡಿದ ಕಾಗದ ಬೇಕು.

ಮುದ್ರಣಕ್ಕೆ ಬಂದರೆ ಇಲ್ಲಿಯವರೆಗಿನ ಮಾತು ತಿರುಗುಮುರುಗಾಗುತ್ತದೆ. ಎಚಿಂಗ್ ಮಾಡುವವರು ಹಾಳೆಯನ್ನು ನೆನೆಸಿ, ಒತ್ತಿ ನೀರು ತೆಗೆದು, ಒದ್ದೆಯಿರುವಾಗಲೇ ಶಾಯಿ ತುಂಬಿದ ತಗಡಿನ ಮೇಲಿಟ್ಟು ಯಂತ್ರದಲ್ಲಿ ಒತ್ತುತ್ತಾರೆ. ಗಟ್ಟಿ ಅಂಟಿನ ಜಲವರ್ಣದ ಹಾಳೆ ಅಲ್ಲಿ ಬಿಗುಮಾನ ಬಿಡದೆ ಸೂಕ್ಷ್ಮ ಗೀರುಗಳನ್ನು ತಪ್ಪಿಸಿಬಿಡುತ್ತದೆ. ಅಂಟು ಕಡಿಮೆಯಿರುವ, ಮೆತ್ತನೆಯ, 250ರಿಂದ 300 ಜಿಎಸ್‌ಎಂನ ಹತ್ತಿಯ ಕಾಗದ ಇದಕ್ಕೆ ಹೇಳಿ ಮಾಡಿಸಿದ್ದು. ಬಿಎಫ್‌ಕೆ ರೀವ್ಸ್ ಇಂತಹುದು. ಮರದಚ್ಚು, ಲಿನೋ ಅಚ್ಚುಗಳನ್ನು ಕೈಯಿಂದಲೇ ಉಜ್ಜಿ ತೆಗೆಯುವವರಿಗೆ ಮಾತ್ರ ಈ ದಪ್ಪ ಹಾಳೆಗಿಂತ ಪೂರ್ವ ಏಷ್ಯಾದ ತೆಳು ಕಾಗದಗಳೇ ಮೇಲು.

ಪೂರ್ವದ ಕಾಗದಗಳು

ಈ ಕಾಗದಗಳ ಬಗ್ಗೆ ನನಗೆ ವಿಶೇಷ ಪ್ರೀತಿ. ಜಪಾನಿನ ವಾಶಿ ಕಾಗದಗಳಲ್ಲಿ ಮುಖ್ಯವಾಗಿ ಮೂರು ಗಿಡಗಳ ಒಳತೊಗಟೆಯ ನಾರನ್ನು ಬಳಸುತ್ತಾರೆ: ಉದ್ದ ನಾರಿನ, ಗಟ್ಟಿಯಾದ ಕೋಜೋ, ನುಣುಪಾದ, ನಸುಹೊಳಪಿನ ಗಾಂಪಿ, ಮೃದುವಾದ ಮಿತ್ಸುಮಾತ. ಒಂದು ಗಿಡದ ಬೇರಿನಿಂದ ತೆಗೆದ ಲೋಳೆಯನ್ನು ನೀರಿಗೆ ಬೆರೆಸಿ, ನಾರು ತಳಕ್ಕಿಳಿಯದಂತೆ ಮಾಡಿ, ಅಚ್ಚನ್ನು ಮತ್ತೆ ಮತ್ತೆ ಅಲುಗಿಸಿ ಎತ್ತುವುದರಿಂದ ಉದ್ದನೆಯ ನಾರುಗಳು ಪದರ ಪದರವಾಗಿ ಹೆಣೆದುಕೊಳ್ಳುತ್ತವೆ. ಕೋಜೋದ ತೆಳುಹಾಳೆಯೊಂದನ್ನು ಬೆಳಕಿಗೆ ಹಿಡಿದರೆ ಮೋಡದಂತೆ ಹರಡಿದ ಉದ್ದೆಳೆಗಳು ಒಂದೊಂದಾಗಿ ಕಾಣುತ್ತವೆ. ಅದನ್ನು ನೇರ ಅಂಚಿಗೆ ಹರಿಯಲು ಕೈಯಿಂದ ಎಳೆದರೆ ಜಗ್ಗುತ್ತದೆಯೇ ಹೊರತು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಒದ್ದೆ ಕುಂಚದಿಂದ ಒಂದು ಗೆರೆ ಎಳೆದು ಎರಡೂ ಕಡೆ ಮೆಲ್ಲಗೆ ಸೆಳೆದರೆ ಗೆರೆಗುಂಟ ಬಿಚ್ಚಿಕೊಂಡು ರೇಷ್ಮೆಯಂತಹ ಎಳೆಗಳ ಅಂಚನ್ನು ಉಳಿಸುತ್ತದೆ. ಗ್ರಂಥ ಮತ್ತು ಚಿತ್ರಗಳ ಸಂರಕ್ಷಕರು ಹರಿದ ಹಾಳೆಗಳನ್ನು ಕೂಡಿಸಲು ಕೋಜೋ ಕಾಗದವನ್ನು ನೆಚ್ಚಿಕೊಂಡಿರುವುದು ಈ ಬಲಕ್ಕಾಗಿಯೇ. ಡಚ್ ಚಿತ್ರಕಾರ ರೆಂಬ್ರಾಂಟ್ ಕೂಡ 1640ರ ದಶಕದ ಕೊನೆಯ ಭಾಗದಿಂದ ತನ್ನ ಎಚಿಂಗ್‌ಗಳ ಹಲವು ಪ್ರತಿಗಳನ್ನು ಜಪಾನಿನ ಕಾಗದದ ಮೇಲೆ ಒತ್ತಿದ; ಅದರ ಬೆಚ್ಚನೆಯ ಬಣ್ಣ ಮತ್ತು ಮೃದುವಾದ ಮೈ ಅವನ ನೆರಳುಗಳಿಗೆ ಬಿಳಿಯ ಯುರೋಪಿನ ಹಾಳೆ ಕೊಡಲಾಗದ ಆಳವನ್ನು ಕೊಟ್ಟವು.

ಚೀನಾದ ಆನ್‌ಹುಯಿ ಪ್ರಾಂತ್ಯದ ಜಿಂಗ್ ಕೌಂಟಿಯಲ್ಲಿ ನೀಲಿ ಶ್ರೀಗಂಧ ಎಂದು ಕರೆಯುವ ಮರದ ತೊಗಟೆ ಮತ್ತು ಭತ್ತದ ಹುಲ್ಲಿನಿಂದ ಮಾಡುವ ಶ್ವಾನ್ ಕಾಗದ ಮತ್ತೊಂದು ಲೋಕ. ಅಂಟಿಲ್ಲದ ಹಸಿ ಶ್ವಾನ್ ಮೇಲೆ ಶಾಯಿ ತುಂಬಿದ ಕುಂಚವನ್ನು ಒಂದು ಕ್ಷಣ ತಡೆದು ನಿಲ್ಲಿಸಿದರೆ ಸಾಕು, ಕಪ್ಪು ಸುತ್ತಲೂ ಹರಡಿ ಕುಂಚದ ವೇಗ, ಒತ್ತಡ, ಹಿಂಜರಿಕೆ ಎಲ್ಲವನ್ನೂ ದಾಖಲಿಸುತ್ತದೆ. ಪಟಿಕ ಮತ್ತು ಅಂಟಿನ ಸಂಸ್ಕಾರ ಪಡೆದ ಶ್ವಾನ್ ಹೀಗೆ ಹರಡುವುದಿಲ್ಲ, ಸೂಕ್ಷ್ಮರೇಖೆಯ ಚಿತ್ರಗಳಿಗೆ ಅದು ತಕ್ಕದ್ದು. ಹೊಸಬರು ಎರಡರ ವ್ಯತ್ಯಾಸವನ್ನು ವಿಚಾರಿಸದೆ ಕೊಂಡು ನಿರಾಶರಾಗುವುದು ಸಾಮಾನ್ಯ. ಶ್ವಾನ್ ಕಾಗದದ ಕೈಕಸುಬು 2009ರಲ್ಲಿಯೂ ಜಪಾನಿನ ಮೂರು ಪ್ರದೇಶಗಳ ವಾಶಿ ಕಸುಬು 2014ರಲ್ಲಿಯೂ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿ ಸೇರಿವೆ. ಪಾಶ್ಚಾತ್ಯ ಜಲವರ್ಣಕ್ಕೆ ರೂಢಿಯಾದ ಕೈ ಈ ಕಾಗದಗಳಿಗೆ ಬಂದಾಗ ತಿದ್ದುವ ಅಭ್ಯಾಸವನ್ನು ಬಿಟ್ಟು ಬರಬೇಕು: ಇಲ್ಲಿ ಇಟ್ಟ ಗೆರೆಯೇ ಕೊನೆಯ ಗೆರೆ.

ಬಾಳಿಕೆ, ಕೊಳ್ಳುವ ಬಗೆ, ಇಡುವ ಬಗೆ

ಹೊದಿಕೆಯ ಮೇಲಿನ ‘ಆಮ್ಲರಹಿತ’ ಎಂಬ ಒಂದು ಮಾತನ್ನು ಪೂರ್ತಿ ಭರವಸೆಯಾಗಿ ತೆಗೆದುಕೊಳ್ಳಬಾರದು. ತಯಾರಾದ ದಿನ ಆಮ್ಲವಿಲ್ಲದ ಹಾಳೆ ಮುಂದೆ ಗಾಳಿಯಿಂದಲೋ ತನ್ನಲ್ಲಿ ಉಳಿದ ಲಿಗ್ನಿನ್‌ನಿಂದಲೋ ಆಮ್ಲೀಯವಾಗಬಹುದು. ಅದನ್ನು ತಡೆಯಲು ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿರುತ್ತಾರೆ. ಕಾಗದದ ಬಾಳಿಕೆಯ ಅಂತಾರಾಷ್ಟ್ರೀಯ ಮಾನಕವಾದ ಐಎಸ್‌ಒ 9706ಕ್ಕೆ ಒಪ್ಪುವ ಕಾಗದದಲ್ಲಿ ಅದು ಕನಿಷ್ಠ 2 ಶೇಕಡಾ ಪ್ರಮಾಣಕ್ಕೆ ಸಮನಾಗಿ ಇರಲೇಬೇಕು, ಆದ್ದರಿಂದ ಆ ಸಂಖ್ಯೆಯನ್ನು ಹುಡುಕುವುದು ಹೆಚ್ಚು ಉಪಯುಕ್ತ. ಕಣ್ಣು ಕೋರೈಸುವ ಬಿಳುಪಿನ ಬಗ್ಗೆಯೂ ಅನುಮಾನವಿರಲಿ. ಬೆಳಕನ್ನು ನೀಲಿಯಾಗಿ ಹೊಳೆಯಿಸುವ ರಾಸಾಯನಿಕದಿಂದ ಬಂದ ಬಿಳುಪು ವರ್ಷಗಳು ಕಳೆದಂತೆ ಸೋಲುತ್ತದೆ; ನೇರಳಾತೀತ ದೀಪದಡಿ ಹಾಳೆ ಪ್ರಖರವಾಗಿ ಹೊಳೆದರೆ ಆ ರಾಸಾಯನಿಕ ಇದೆ ಎಂದು ತಿಳಿಯಬಹುದು. ಸಹಜ ಬಿಳುಪಿನ ಹತ್ತಿಯ ಹಾಳೆ ಮೊದಲ ನೋಟಕ್ಕೆ ಕೆನೆಬಣ್ಣವಾಗಿ ಕಂಡರೂ ಚಿತ್ರ ಮುಗಿದ ಮೇಲೆ ಅದು ಕೊಡುವ ಬೆಳಕು ನೆಮ್ಮದಿಯದು.

ಕೊಳ್ಳುವಾಗ ಬಿಡಿ ಹಾಳೆ, ಪುಸ್ತಕದಂತಹ ಪ್ಯಾಡ್, ನಾಲ್ಕೂ ಅಂಚು ಅಂಟಿಸಿದ ಬ್ಲಾಕ್ ಎಂಬ ಆಯ್ಕೆಗಳಿರುತ್ತವೆ. ಹೊರಗೆ ಕುಳಿತು ಚಿತ್ರಿಸುವವರಿಗೆ ಬ್ಲಾಕ್ ಅನುಕೂಲ, ಅಂಟಿನ ಅಂಚು ಹಾಳೆಯನ್ನು ಬಹುಮಟ್ಟಿಗೆ ಬಿಗಿಯಾಗಿ ಹಿಡಿಯುತ್ತದೆ, ಆದರೆ ಚಿತ್ರ ಒಣಗುವ ತನಕ ಮುಂದಿನ ಹಾಳೆ ಸಿಗದು. ಮನೆಯಲ್ಲಿ ಕೆಲಸ ಮಾಡುವವರಿಗೆ 56×76 ಸೆಂಟಿಮೀಟರಿನ ಬಿಡಿ ಹಾಳೆಯೇ ಮಿತವ್ಯಯದ ದಾರಿ. ಹೊಸ ಕಾಗದವನ್ನು ಒಂದೊಂದೇ ಹಾಳೆ ತಂದು, ಕತ್ತರಿಸಿದ ಮೇಲೆ ಉಳಿಯುವ ಪಟ್ಟಿಯ ಮೇಲೆ ಒಂದು ಹರಹು, ಒಂದು ಒಣಕುಂಚದ ಎಳೆತ, ಎತ್ತಿದ ಬೆಳಕಿನ ಒಂದು ಚುಕ್ಕೆ ಮಾಡಿ ಹಿಂಬದಿಗೆ ಕಾಗದದ ಹೆಸರು, ತೂಕ ಬರೆದಿಟ್ಟುಕೊಂಡರೆ ಯಾವ ಮಾರ್ಗದರ್ಶಿಗಿಂತಲೂ ಆ ಪಟ್ಟಿಗಳ ಕಟ್ಟು ಹೆಚ್ಚು ನಿಜ ಹೇಳುತ್ತದೆ.

ಹಾಳೆಗಳನ್ನು ಸುರುಳಿ ಸುತ್ತದೆ, ತೇವ ತಾಗದ ಕಡೆ ಚಪ್ಪಟೆಯಾಗಿ ಮಲಗಿಸಿಡಬೇಕು. ತೇವದಲ್ಲಿ ವರ್ಷಗಟ್ಟಲೆ ಕುಳಿತ ಹಾಳೆಯ ಅಂಟು ಅಲ್ಲಲ್ಲಿ ಸತ್ತುಹೋಗುತ್ತದೆ. ಬರಿಗಣ್ಣಿಗೆ ಏನೂ ಕಾಣದಿದ್ದರೂ ಬಣ್ಣ ಹಚ್ಚಿದೊಡನೆ ಕಡುಬಣ್ಣದ ಚುಕ್ಕೆಗಳು ಏಳುತ್ತವೆ, ಅವುಗಳನ್ನು ಅಳಿಸಲು ಬರುವುದಿಲ್ಲ. ಹಳೆಯ ಹಾಳೆ ಬಳಸುವ ಮುನ್ನ ಹಿಂಬದಿಯಲ್ಲಿ ಬರಿ ನೀರು ಸವರಿ ನೋಡಿದರೆ, ಬೇಗ ಹೀರಿಕೊಂಡ ಜಾಗಗಳು ಕಪ್ಪಗೆ ತೋರಿ ಗುಟ್ಟು ಹೊರಬೀಳುತ್ತದೆ. ಅಂತಹ ಹಾಳೆಯನ್ನು ಎಸೆಯುವ ಅಗತ್ಯವಿಲ್ಲ: ಬೂಷ್ಟು ಹಿಡಿದಿರದಿದ್ದರೆ ಇದ್ದಿಲಿಗೆ ಅದರ ಹಲ್ಲು ಹಾಗೆಯೇ ಉಳಿದಿರುತ್ತದೆ, ಎಚಿಂಗ್‌ನ ಪರೀಕ್ಷಾ ಪ್ರತಿಗಳಿಗಂತೂ ಅಂಟು ಇಳಿದ ಆ ಮೆದು ಹತ್ತಿ ಹೊಸ ಹಾಳೆಗಿಂತ ಚೆನ್ನಾಗಿ ಒಗ್ಗುತ್ತದೆ.